ಹೊಗೆಸೊಪ್ಪಿನ ಗಂಟು

ಹರಳೆಣ್ಣೆ ಕಾಯಿಸುವ ವಾಸನೆ ಬಂದರೆ ಈಗಲೂ ನನಗೆ ಚಿಕ್ಕಪ್ಪನ ಸೊಟ್ಟ ಕಿರುಬೆರಳು ನೆನಪಾಗುತ್ತದೆ.

ಮಹಾರಾಜರ ಕಾಲದಲ್ಲಿ ಅವನು ಹುಣಸೂರು ಫುಟ್‌ಬಾಲ್ ತಂಡದ ಗೋಲ್‌ಕೀಪರ್. ಒಂದು ಮಧ್ಯಾಹ್ನ ಪಿರಿಯಾಪಟ್ಟಣದವರ ಮೇಲೆ ಪಂದ್ಯವಿತ್ತು. ಹಿಂದಿನ ಸಂಜೆ ಆಡುವಾಗಲೇ, ಮಳೆಗೆ ನೆನೆದು ಭಾರವಾದ ತೊಗಲಿನ ಚೆಂಡು ಬಡಿದು ಆ ಬೆರಳು ಬದನೆಕಾಯಿಯಂತೆ ಊದಿತ್ತು. ಹೊಗೆಸೊಪ್ಪನ್ನು ಒಣಗಿಸಲು ದಾರದಿಂದ ಕೋಲಿಗೆ ಕಟ್ಟುತ್ತಿದ್ದ ಅಜ್ಜಿ ಬಿಸಿ ಎಣ್ಣೆ ಸವರಿ ಗದರಿದಳು.

"ಕೈಯೇ ಓಯ್ತದೆ ಕಣ್ಲಾ, ಇವತ್ತೊಂದಿನ ಬುಡು."

"ನಾ ಬುಟ್ರೆ ಗೋಲು ಕಾಯೋರ್ಯಾರವ್ವ? ಕಟ್ಟು."

ನಾನು ಅವನ ಮಣಿಕಟ್ಟು ಹಿಡಿದುಕೊಂಡೆ. ಅಜ್ಜಿ ಸೊಪ್ಪಿನ ದಾರದಿಂದಲೇ ಆ ಬೆರಳನ್ನು ಪಕ್ಕದ ಬೆರಳಿಗೆ ಬಿಗಿದು, ಎಲೆ ಜಾರದಂತೆ ಹಾಕುವ ಗಂಟನ್ನೇ ಹಾಕಿದಳು.

ಸಂಜೆ ಚಿಕ್ಕಪ್ಪ ಸೋತು, ಮೈತುಂಬ ಮಣ್ಣಾಗಿ ಬಂದ. ಗಂಟು ಬಿಚ್ಚಲು ಬರಲಿಲ್ಲ. ಅಜ್ಜಿ ಕುಡುಗೋಲು ತಂದಾಗ ಅವನು ಕೈ ಹಿಂದಕ್ಕೆಳೆದುಕೊಂಡ.

"ಕುಯ್ಬ್ಯಾಡ ಕಣವ್ವ. ಬರೋ ವಾರ ಕೋಟೆ ಊರಿನ ತಂಡದೋರು ಆಡಕ್ಕೆ ಬತ್ತವ್ರೆ."

ಅಜ್ಜಿ ಕುಡುಗೋಲು ಕೆಳಗಿಟ್ಟು, ಮತ್ತೆ ಎಣ್ಣೆ ಕಾಯಿಸಲು ಎದ್ದಳು.