ಹತ್ತಕ್ಕೆ ಒಂದು ಕಮ್ಮಿ

ಒಂಬತ್ತು ಎನ್ನಲು ಚಲುವರಾಜುವಿಗೆ ಬಾಯಿ ಬರಲಿಲ್ಲ. ಶ್ರೀರಂಗಪಟ್ಟಣದ ವಾದ್ಯದಂಗಡಿಯಲ್ಲಿ ನಿಂತು, ಗಾಜಿನ ಕಪಾಟಿನಲ್ಲಿದ್ದ ಗಿಟಾರ್ ತಂತಿಗಳ ಪೊಟ್ಟಣಗಳನ್ನು ಕಂಡೂ ಕಾಣದವನ ಹಾಗೆ ನೋಡುತ್ತ, "ಹತ್ತಕ್ಕೆ ಒಂದು ಕಮ್ಮಿದು ಕೊಡಿ ಅಕ್ಕ," ಎಂದ.

"ಅಂಗೆಲ್ಲ ಒಂದ್ ತಂತಿ ಕಮ್ಮಿ ಮಾಡಿ ಕೊಡಕಾಯ್ತದಾ? ತಗಂಡ್ರೆ ಆರೂ ತಗಬೇಕು," ಎಂದಳು ಅಂಗಡಿಯ ಮಂಗಳಮ್ಮ, ಹಾರ್ಮೋನಿಯಮ್ಮಿನ ಧೂಳು ಒರೆಸುತ್ತ.

"ಅದಲ್ಲ. ಎಂಟಾದ್ಮೇಲೆ ಬತ್ತದಲ್ಲ, ಆ ನಂಬರಿಂದು."

"ಒಂಬತ್ತಾ? ಒಂಬತ್ತು ಅನ್ನಕ್ಕೆ ನಿಮ್ಗೇನ್ ದಾಡಿ?"

ಬೀದಿಯಲ್ಲಿದ್ದ ಕಡ್ಲೆಕಾಯಿ ಗಾಡಿಯವನು ಇತ್ತ ತಿರುಗಿದ. ಚಲುವರಾಜುವಿನ ಕಿವಿ ಬಿಸಿಯಾಯಿತು. "ನಂಗಲ್ಲ ಅಕ್ಕ. ನಮ್ಮಣ್ಣನ ಮಗ್ಳು ದಿವ್ಯ ಅಂತ, ಹೊಸ್ದಾಗಿ ಕಲೀತಾವ್ಳೆ," ಎಂದು ಗಾಡಿಯವನಿಗೂ ಕೇಳಿಸುವಂತೆ ಹೇಳಿದ.

ಗಿಟಾರಿನ ತಂತಿಗೆ ದಪ್ಪ ನೋಡಿ ನಂಬರು ಕೊಡುತ್ತಾರೆ; ಒಂಬತ್ತು ತೆಳ್ಳಗಿನದು, ಹನ್ನೊಂದು ದಪ್ಪನೆಯದು. ತಂತಿಗೆ ಗೊತ್ತಿರುವುದು ಅಷ್ಟೇ. ಆದರೆ ನಮ್ಮ ಕಡೆ ಒಂಬತ್ತು ಎಂದರೆ ಬರೀ ಲೆಕ್ಕವಲ್ಲ, ನೀನು ಗಂಡಸೇ ಅಲ್ಲ ಎಂದು ಹಂಗಿಸುವವರು ಬಳಸುವ ಮಾತು. ಹಗಲು ಅರಕೆರೆಯ ಡೈರಿಯಲ್ಲಿ ಹಾಲಿನ ಡಿಗ್ರಿ ನೋಡಿ, ಸಂಜೆ ಆರ್ಕೆಸ್ಟ್ರಾ ನಡೆಸುವ ಚಲುವರಾಜು ಹನ್ನೊಂದರ ಕೆಳಗಿನ ತಂತಿಯನ್ನು ಮುಟ್ಟಿದವನಲ್ಲ. ಹಾಗೆಂದು ಕೇಳಿದವರಿಗೂ ಕೇಳದವರಿಗೂ ಹೇಳಿಕೊಂಡು ಬಂದಿದ್ದ.

ತಂಡದಲ್ಲಿ ಲೀಡ್ ಗಿಟಾರ್, ಅಂದರೆ ಹಾಡಿನ ಮುಖ್ಯ ಸ್ವರಗಳನ್ನು, ನುಡಿಸುತ್ತಿದ್ದವನು ಬೂಕನಕೆರೆಯ ನಾಗಾರ್ಜುನ. ಅವನು ಹಾಕುತ್ತಿದ್ದದ್ದು ಒಂಬತ್ತು. ಬೆರಳಲ್ಲಿ ತುಸು ಎಳೆದರೂ ಸ್ವರ ಮೇಲಕ್ಕೆ ಹೋಗಿ ಅತ್ತು ಬರುತ್ತಿತ್ತು. ನಾಗಮಂಗಲದ ಗಣೇಶನ ಪೆಂಡಾಲಿನಲ್ಲಿ ಜನ ಅವನೊಬ್ಬನಿಗೇ ಒನ್ಸ್ ಮೋರ್ ಕೂಗಿದಾಗ ಚಲುವರಾಜು ಮೈಕು ಹಿಡಿದು, "ಇವ್ನು ಗಿಟಾರಿಗೆ ಆಕದೇ ಒಂಬತ್ತು ಕಣ್ರಪ್ಪ, ಅದ್ಕೇ ಇವ್ನೂ..." ಎಂದು ಮಾತನ್ನು ಅರ್ಧಕ್ಕೆ ಬಿಟ್ಟ. ಉಳಿದರ್ಧವನ್ನು ಪೆಂಡಾಲೇ ಪೂರ್ತಿ ಮಾಡಿತು. ನಾಗಾರ್ಜುನನೂ ನಕ್ಕ. ಮುಂದಿನ ಪ್ರೋಗ್ರಾಮಿಗೆ ಜ್ವರ ಎಂದ. ಆಮೇಲೆ ಫೋನೇ ಎತ್ತಲಿಲ್ಲ. ಊರಿನ ಬಸ್‌ಸ್ಟಾಪಿನಲ್ಲಿ ಹುಡುಗರು ಈಗ ಅವನನ್ನು ನಂಬರು ಹೇಳಿಯೇ ಕರೆಯುತ್ತಾರಂತೆ ಎಂದು ಡ್ರಮ್ಮಿನ ಕುಳ್ಳಯ್ಯ ಸುದ್ದಿ ತಂದ.

ಕೆ.ಆರ್. ಪೇಟೆಯ ಮದುವೆಯಲ್ಲಿ ಲೀಡನ್ನು ಚಲುವರಾಜುವೇ ನುಡಿಸಬೇಕಾಯಿತು. ಹನ್ನೊಂದರ ತಂತಿ ಎಳೆದ ಎಳೆತಕ್ಕೆ ಬೆರಳು ಬೊಬ್ಬೆಯೆದ್ದು ಒಡೆಯಿತು. ಸ್ವರ ಮಾತ್ರ ಏರಿನಲ್ಲಿ ಸಿಕ್ಕ ಕಬ್ಬಿನ ಟ್ರಾಕ್ಟರಿನ ಹಾಗೆ ಅರ್ಧದಲ್ಲೇ ಕೂತಿತು. ಉಣ್ಣುತ್ತಿದ್ದವರು ತಲೆಯೆತ್ತಿ ನೋಡಿದರು. ಶನಿವಾರ ಪಾಂಡವಪುರದಲ್ಲಿ ಮತ್ತೆ ಪ್ರೋಗ್ರಾಮಿತ್ತು.

ಮಂಗಳಮ್ಮ ಸ್ಟೂಲು ಹತ್ತಿ ಒಂಬತ್ತರ ಪೊಟ್ಟಣ ಹುಡುಕುತ್ತಿರುವಾಗ ಹೊರಗೆ ಬೈಕು ನಿಂತಿತು. ಹೆಲ್ಮೆಟ್ ತೆಗೆಯುತ್ತ ಒಳಗೆ ಬಂದವನು ನಾಗಾರ್ಜುನ. ಎಡಗೈಯ ಬೆರಳ ತುದಿಗಳಿಗೆಲ್ಲ ಬಿಳಿ ಪಟ್ಟಿ ಸುತ್ತಿತ್ತು.

"ಅಕ್ಕ, ಹನ್ನೊಂದು ಕೊಡಿ."

"ಮೊನ್ನೆ ತಾನೆ ತಗಂಡೋದಲ್ಲಪ್ಪ?"

"ಕಿತ್ತೋಯ್ತು. ಎಳೆಯೋ ಹದ ಇನ್ನೂ ಕೈಗೆ ಸಿಕ್ಕಿಲ್ಲ." ಆಮೇಲೆ ಚಲುವರಾಜುವನ್ನು ಕಂಡ. ಓಡಿಹೋಗಲಿಲ್ಲ, ಮುಖ ತಿರುಗಿಸಲಿಲ್ಲ. ಪಟ್ಟಿಯ ಬೆರಳುಗಳನ್ನು ಮುಂದೆ ಹಿಡಿದು, "ಅಣ್ಣ, ನಾನೂ ಹನ್ನೊಂದೇ ಆಕ್ಬುಟ್ಟಿವ್ನಿ. ಬೆಳ್ಳು ಒಸಿ ಗಟ್ಟಿಯಾಗ್ಲಿ, ಬತ್ತೀನಿ. ಆಗ ಯಾರೂ ಏನೂ ಅನ್ನಕಿಲ್ಲ," ಎಂದ.

"ಬ್ಯಾಡ ಕಣ್ಲಾ," ಎಂದ ಚಲುವರಾಜು. "ಬೆಳ್ಳು ಕೆಟ್ಟೋಯ್ತವೆ. ನೀನು ಮೊದ್ಲಿಂದೇ ಆಕು."

"ಮೊದ್ಲಿಂದು ಅಂದ್ರೆ?"

ಮೈಕಿನಲ್ಲಿ ಅಷ್ಟು ಸಲೀಸಾಗಿ ಬಂದಿದ್ದ ಮಾತನ್ನು ಈಗ ಆಡಲಾರದೆ, ಚಲುವರಾಜು ಹೆಗಲ ಬ್ಯಾಗಿನ ಜಿಪ್ಪು ಎಳೆದು ದುಡ್ಡು ತೆಗೆಯತೊಡಗಿದ.

"ತಗಳಿ, ನಿಮ್ ಒಂಬತ್ತು," ಎಂದು ಮಂಗಳಮ್ಮ ಸ್ಟೂಲಿನಿಂದಿಳಿದು ಪೊಟ್ಟಣವನ್ನು ಚಲುವರಾಜುವಿನ ಮುಂದೆ ಇಟ್ಟಳು.

ನಾಗಾರ್ಜುನ ಪೊಟ್ಟಣ ನೋಡಿದ. ಅದನ್ನು ಮುಚ್ಚಲು ಹೋದ ಚಲುವರಾಜುವಿನ ಕೈಯನ್ನೂ, ಆ ಕೈಯ ಬೆರಳಲ್ಲಿ ಒಡೆದ ಬೊಬ್ಬೆಯನ್ನೂ ನೋಡಿದ.

"ದಿವ್ಯಂಗೆ ಕಣ್ಲಾ," ಎಂದ ಚಲುವರಾಜು. "ಕಲೀತಾವ್ಳೆ."

ದಿವ್ಯಳ ನಾಮಕರಣಕ್ಕೆ ಗಿಟಾರ್ ನುಡಿಸಿದವನು ನಾಗಾರ್ಜುನನೇ. ಅದಾಗಿ ಇನ್ನೂ ವರ್ಷ ತುಂಬಿರಲಿಲ್ಲ.

ನಾಗಾರ್ಜುನ ನಗಬಹುದಿತ್ತು. ಆ ಒಂದು ಮಾತನ್ನು ಅಂದುಬಿಡಬಹುದಿತ್ತು. ಅಂದಿದ್ದರೆ ಚಲುವರಾಜುವಿಗೆ ಸಿಟ್ಟು ಮಾಡಿಕೊಳ್ಳಲು ಒಂದು ದಾರಿಯಾದರೂ ಸಿಗುತ್ತಿತ್ತು. ನಾಗಾರ್ಜುನ ಅದ್ಯಾವುದನ್ನೂ ಮಾಡದೆ ಅಂಗಡಿಯ ಮೂಲೆಯಲ್ಲಿದ್ದ ಹಳೇ ಪೇಪರಿನ ಕಟ್ಟಿನಿಂದ ಒಂದನ್ನು ಎಳೆದುಕೊಂಡ. ಪಟ್ಟಿಯ ಬೆರಳುಗಳಿಂದಲೇ, ಮೆಡಿಕಲ್ ಸ್ಟೋರಿನವರು ಹೆಂಗಸರ ಸಾಮಾನು ಸುತ್ತಿಕೊಡುವ ಹಾಗೆ, ಪೊಟ್ಟಣವನ್ನು ಎರಡು ಸುತ್ತು ಸುತ್ತಿ ಚಲುವರಾಜುವಿನ ಬ್ಯಾಗಿನ ತಳಕ್ಕೆ ತುರುಕಿದ.

"ಒಳ್ಗೇ ಇರ್ಲಿ ಅಣ್ಣ," ಎಂದ ಮೆಲ್ಲಗೆ. "ಬಸ್ಸಲ್ಲಿ ತೆಗೀಬೇಡಿ. ಯಾರಾರ ನೋಡ್ಬುಟ್ರೆ ಬಲೇ ಕಷ್ಟ."