ನೀಲವ್ವನ ಎರಡನೆಯ ಪುಸ್ತಕ

ಕಾಲೇಜಿನಲ್ಲಿ ಪದವಿ ಪಡೆದ ಲೇಖಕರಿಗೆ ತಾವು ಬರೆದದ್ದು ನೆನಪಿನಲ್ಲಿ ಉಳಿಯುತ್ತದೆ. ಅಲ್ಲಿ ಮೊದಲು ಕಲಿಸುವುದೇ ಅದನ್ನು. ಶಾಲೆಯ ಮೆಟ್ಟಿಲನ್ನೇ ಹತ್ತದ ನೀಲವ್ವನಿಗೆ ಮಾತ್ರ ಕೊನೆಯ ಚುಕ್ಕಿ ಇಟ್ಟೊಡನೆ ಬರೆದದ್ದೆಲ್ಲ ತಲೆಯಿಂದ ಹೋಗಿಬಿಡುತ್ತದೆ. ಮೊದಲ ಪುಸ್ತಕ ತಾಯಿಯ ಬಗ್ಗೆ. ಅದು ನಾಡಿನ ಮನೆಮನೆ ತಲುಪಿತು. ಗೋಡೆಯ ಮೇಲೆ ಹಾರ ಹಾಕಿರುವ ಫೋಟೋದ ಹೆಂಗಸು ಯಾರೆಂದು ನೀಲವ್ವ ಈಗಲೂ ಆಗಾಗ ಕೇಳುತ್ತಾಳೆ.

ಹಾಗಾಗಿ ಎರಡನೆಯದು ಮುಗಿದ ಮಧ್ಯಾಹ್ನ ಗಂಡ ಫಕೀರಪ್ಪ ಅವಳ ಎದುರಿಗೇ ಬಂದು ನಿಂತ. ತನ್ನ ಬಗ್ಗೆಯಾಗಲಿ ಮಗಳ ಬಗ್ಗೆಯಾಗಲಿ ಬರೆಯಬಾರದೆಂದು ಮೊದಲೇ ಆಣೆ ಹಾಕಿಸಿಕೊಂಡಿದ್ದ. ಆದರೂ ಜೀವ ತಡೆಯಲಿಲ್ಲ.

"ನಾ ಯಾರು, ಹೇಳ ನೋಡೂಣು."

"ನನ್ನ ಗಂಡ ಅದೀರಿ, ಮತ್ತ್ಯಾರು?"

"ಮಗಳ ಹೆಸರು?"

"ಸಾವಂತ್ರಿ. ಸಾಲಿಗೆ ಹೋಗ್ಯಾಳ. ಸುಮ್ನ ಕುಂದರ್ರಿ."

ಫಕೀರಪ್ಪ ನಿಟ್ಟುಸಿರು ಬಿಟ್ಟು ಹಾಳೆಗಳನ್ನು ಕೈಗೆತ್ತಿಕೊಂಡ. ಶಾಲೆ ಕಲಿಯದವಳು ಲೇಖಕಿ ಆದದ್ದು ಹೇಗೆಂದು ಸಭೆಗಳಲ್ಲಿ ಎಲ್ಲರೂ ಕೇಳುತ್ತಿದ್ದರಲ್ಲ, ಅದಕ್ಕೇ ಉತ್ತರ ಬರೆದಿದ್ದಳು. ಸೋದರಮಾವ ಬಸ್ಸಿನ ಬೋರ್ಡುಗಳ ಮೇಲೆ ಊರುಗಳ ಹೆಸರಿಗೆ ಗೆರೆ ಎಳೆದುಕೊಡುತ್ತಿದ್ದದ್ದು, ಇವಳು ಒಳಗೆ ಬಣ್ಣ ತುಂಬುತ್ತ ಒಂದೊಂದೇ ಅಕ್ಷರ ಕಲಿತದ್ದು, ಆಮೇಲೆ ಬೋರ್ಡಿನ ಹಿಂಬದಿಯಲ್ಲಿ ಮೊದಲ ಕಥೆ ಬರೆದದ್ದು, ಎಲ್ಲವೂ ಅದರಲ್ಲಿತ್ತು.

"ಭಾಳ ಚಲೋ ಬರದಿ," ಎಂದ. "ಮ್ಯಾಲ ನಿನ್ನ ಹೆಸರ ಬರಿ, ಇವತ್ತ ಪ್ರೆಸ್ಸಿಗೆ ಕಳಸೂಣು."

ನೀಲವ್ವ ಪೆನ್ನು ಇಸಿದುಕೊಂಡಳು. ಅದನ್ನು ಆ ಕಡೆ ಈ ಕಡೆ ತಿರುಗಿಸಿ ನೋಡಿದಳು.

"ಇದನ್ನ ಹೆಂಗ ಹಿಡೀತಾರ್ರಿ?"