ವೈರು ಕಿತ್ತರೂ ಹೋಗದ ಅಕ್ಷರ

ನಿಖಿಲ ವೈರನ್ನು ಕಿತ್ತೇಬಿಟ್ಟ. ಬ್ಯಾಟರಿಯನ್ನು ಜೋಳದ ಡಬ್ಬಿಯೊಳಗೆ ತುರುಕಿದ. ಆದರೂ ಪಡಸಾಲೆಯ ಗೋಡೆಯ ಮೇಲಿನ ಬೋರ್ಡು ಏನೂ ಆಗಿಲ್ಲವೆಂಬಂತೆ ತೋರಿಸುತ್ತಲೇ ಇತ್ತು: ‘ಇಂದು ಸೂರ್ಯಾಸ್ತ 6-12.’

“ಅಳಿಸಿಹೋಗಲೇ!” ಎಂದು ಬೋರ್ಡಿಗೇ ಬೈದ.

ಅದು ಅಳಿಸಿಹೋಗುವುದಿಲ್ಲವೆಂದು ಅವನಿಗಿಂತ ಚೆನ್ನಾಗಿ ಬಲ್ಲವರು ಯಾರು? ಮಾಡಿದವನೇ ಅವನು. ಎರಡು ಗಾಜಿನ ನಡುವೆ ಎಣ್ಣೆ, ಎಣ್ಣೆಯಲ್ಲಿ ಕಪ್ಪು ಬಿಳಿ ಪುಡಿ. ಕರೆಂಟು ತಾಗಿದರೆ ಪುಡಿ ಸರಿದು ಅಕ್ಷರವಾಗುತ್ತದೆ. ಆಮೇಲೆ ಕರೆಂಟು ಹೋದರೂ ಕದಲುವುದಿಲ್ಲ. ಸುಡುಬಿಸಿಲಿನಲ್ಲೂ ಅಚ್ಚಾದ ಕಾಗದದಂತೆ ಓದಬಹುದು. ಇದೇ ಗುಣವನ್ನು ಊರ ತುಂಬ ಹೊಗಳಿಕೊಂಡು ತಿರುಗಿದ್ದ. ಇವತ್ತು ಅದೇ ಕೊರಳಿಗೆ ಉರುಳಾಗಿತ್ತು. ಯಾರೂ ಕದಿಯದಿರಲೆಂದು ಸಿಮೆಂಟು ಹಾಕಿ ಕೂರಿಸಿದ್ದರಿಂದ ತೆಗೆದು ಬಚ್ಚಿಡುವಂತೆಯೂ ಇರಲಿಲ್ಲ. ಟವೆಲು ಹೊದಿಸಿದ. ಜಾರಿ ಬಿತ್ತು.

ಈಗಷ್ಟೇ ಚಹಾದಂಗಡಿಯ ಸಂಗ್ರಾಮ ಫೋನು ಮಾಡಿದ್ದ. “ಸರ, ಯಾರೋ ಒಬ್ಬಾಂವ ಬಂದಾನ್ರಿ. ಇಸ್ತ್ರಿ ಅಂಗಿ, ಎದಿಗೆ ಅವಚಿಕೊಂಡ ಕರೀ ಬ್ಯಾಗು. ಪೇಟೆಂಟ್ ವಿಷಯ ಮಾತಾಡೂದೈತಿ, ನಿಖಿಲ ಸರ್ ಮನಿ ಎಲ್ಲಿ ಅಂದಾ. ತೋರಿಸಿದೆ.”

“ಬಾಯಿ ಮುಚ್ಚಿಕೊಂಡಿರಾಕ ಆಗಲಿಲ್ಲೇನಲೇ?”

ನಿಜ ಹೇಳಬೇಕೆಂದರೆ ಬಾಯಿ ಮುಚ್ಚಿಕೊಳ್ಳದವನು ನಿಖಿಲನೇ. ಚಿಕ್ಕೋಡಿಯ ಕಾಲೇಜಿನಲ್ಲಿ ಫಿಜಿಕ್ಸ್ ಪಾಠ ಮುಗಿಸಿ ಏಕಸಂಬಿಯಲ್ಲಿ ಬಸ್ಸಿಳಿದನೆಂದರೆ ಸಂಗ್ರಾಮನ ಬೆಂಚಿನ ಮೇಲೆ ಇನ್ನೊಂದು ಪಾಠ ಶುರು. “ಕಾಗದದಂಥಾ ಪರದೆ ಹುಟ್ಟಿ ಎಷ್ಟ ವರ್ಷ ಆತು! ನಮ್ಮ ಬಸ್‌ಸ್ಟ್ಯಾಂಡಿಗೆ ಯಾಕ ಬಂದಿಲ್ಲ? ಪೇಟೆಂಟ್! ಒಂದು ಮುಗೀತಂದ್ರ ಅದರ ಬಾಲಕ್ಕ ಇನ್ನೊಂದು. ಕಂಪನಿಯವ್ರು ತಾವೂ ಅಗ್ಗಕ್ಕ ಕೊಡೂದಿಲ್ಲ, ಕೊಡಾವ್ರನ್ನೂ ಬಿಡೂದಿಲ್ಲ.” ಕೇಳಿ ಕೇಳಿ ಬೇಸತ್ತ ಊರು ಅವನಿಗೆ ‘ಪೇಟೆಂಟ್ ನಿಖಿಲ’ ಎಂದೇ ಹೆಸರಿಟ್ಟಿತ್ತು. ಆ ಹೆಸರು ಬಸ್ಸು ಹತ್ತಿ ಸುತ್ತಲಿನ ಊರುಗಳಿಗೂ ಹೋಗಿತ್ತು.

ಬೋರ್ಡು ಹೋದರೆ ಹೋಯಿತು ಎನ್ನುವ ಹಾಗಿರಲಿಲ್ಲ. ಓಣಿಯ ಜೈನ ಮನೆಗಳಲ್ಲಿ ಹೊತ್ತು ಮುಳುಗಿದ ಮೇಲೆ ಯಾರೂ ಉಣ್ಣುವುದಿಲ್ಲ. ಸಂಜೆಯಾದರೆ ಹೆಂಗಸರೆಲ್ಲ ಈ ಗೋಡೆಯತ್ತ ಒಮ್ಮೆ ಕಣ್ಣು ಹಾಯಿಸಿಯೇ ರೊಟ್ಟಿ ಬಡಿಯಲು ಕೂರುತ್ತಿದ್ದರು. ಅವನ ಎರಡು ವರ್ಷದ ದುಡಿಮೆ ಅದು. ಬರುತ್ತಿರುವವನು ಆ ಪೇಟೆಂಟ್ ಕಂಪನಿಯವನೇ ಇರಬೇಕು. ಅವನು ಬೋರ್ಡನ್ನು ಕಿತ್ತೊಯ್ದು, ತನ್ನನ್ನು ಕೋರ್ಟಿಗೆಳೆದರೆ?

“ಅಜ್ಜೀ, ದಿನಾ ನೀನಽ ಬರೀತಿ ಅಂತ ಹೇಳಿಬಿಡಬೇ.”

“ಸುಳ್ಳು ಆಡೂದಿಲ್ಲಂತ ವ್ರತ ಹಿಡದೀನಿ,” ಎಂದಳು ಅಜ್ಜಿ ಲಕ್ಷ್ಮಿಬಾಯಿ. “ನೀ ಸುಮ್ಮಕಿರು. ನಾ ನೋಡ್ಕೋತೀನಿ.”

ಬಾಗಿಲಲ್ಲಿ ನೆರಳು ಬಿತ್ತು. “ಜೈ ಜಿನೇಂದ್ರ. ಉತ್ತಮ ಅಂತ್ರಿ ನನ್ನ ಹೆಸರು.”

ಅಬ್ಬಾ, ಕಂಪನಿಯವರು ನಮ್ಮ ನಮಸ್ಕಾರವನ್ನೂ ಕಲಿಸಿ ಕಳಿಸಿದ್ದಾರಲ್ಲ, ಎಂದುಕೊಂಡ ನಿಖಿಲ. ಬಂದವನ ಕಣ್ಣು ಆಗಲೇ ಬೋರ್ಡಿಗೆ ಅಂಟಿತ್ತು. ಹಣೆಯ ಮೇಲೆ ಬೆವರು ಒಡೆದಿತ್ತು. ಬೇಟೆ ಸಿಕ್ಕವನಿಗೆ ಬೆವರುವುದು ಸಹಜ.

“ಯಾರ ಅಕ್ಷರ್ರಿ ಇವು?”

“ನನ್ನವಽ ನೋಡಪಾ,” ಎಂದಳು ಅಜ್ಜಿ. ಸುಳ್ಳಲ್ಲ. ಅಜ್ಜಿಯ ಕೈಯಿಂದ ಬರೆಸಿಯೇ ನಿಖಿಲ ಬೋರ್ಡಿಗೆ ಅಕ್ಷರ ಕಲಿಸಿದ್ದ.

“ಕರೆಂಟು ಎಲ್ಲಿಂದ ಬರ್ತೈತ್ರಿ?”

“ಎಲ್ಲೆರೆ ವೈರು ಕಾಣತೈತೇನು? ನೀನಽ ನೋಡು.” ಅದೂ ಸುಳ್ಳಲ್ಲ. ವ್ರತಕ್ಕೆ ಕೂದಲೆಳೆಯಷ್ಟೂ ಭಂಗವಿಲ್ಲ.

ಉತ್ತಮ ಬ್ಯಾಗಿನ ಜಿಪ್ಪನ್ನು ಚೂರೇ ಸರಿಸಿ ಒಳಗೆ ಇಣುಕಿದ. ಬೋರ್ಡು ನೋಡಿದ. ಮತ್ತೆ ಇಣುಕಿದ. “ಆರು ಹನ್ನೆರಡು. ಬರೋಬ್ಬರಿ ಐತ್ರಿ,” ಎಂದು ಗೊಣಗಿಕೊಂಡ.

ಕ್ಯಾಮೆರಾ! ಒಳಗೆ ಕ್ಯಾಮೆರಾ ಇಟ್ಟುಕೊಂಡು ಬಂದಿದ್ದಾನೆ ಪುಣ್ಯಾತ್ಮ!

“ಪೇಟೆಂಟ್ ಅಂದ್ರ ಸಣ್ಣ ಮಾತಲ್ಲ ಬಿಡ್ರಿ,” ಎಂದು ಉತ್ತಮ ಅವನ ಮುಖವನ್ನೇ ನೋಡುತ್ತ ಶುರು ಮಾಡಿದ. “ಅದಿಲ್ಲಾಂದ್ರ ಯಾರು ತಲಿ ಕೆಡಿಸ್ಕೊಂಡು ಹೊಸಾದು ಮಾಡ್ತಾರ್ರಿ? ಕಷ್ಟಪಟ್ಟಾವ್ರಿಗೆ ಹಕ್ಕ ಇರಬೇಕು.”

“ಇರಽಬೇಕ್ರಿ!” ಎಂದ ನಿಖಿಲ. “ಪೇಟೆಂಟ್ ಇಲ್ಲದಿದ್ರ ಜಗತ್ತು ಇನ್ನೂ ಕಂದೀಲಿನ ಬೆಳಕಿನ್ಯಾಗ ಕುಂದರ್ತಿತ್ತು.”

ಅತಿಥಿಗೆಂದು ಚಹಾ ತಂದಿದ್ದ ಸಂಗ್ರಾಮ ಬಾಗಿಲಲ್ಲೇ ನಿಂತುಬಿಟ್ಟ. ಕಿಟ್ಲಿ ಕೈಜಾರುವುದು ಸ್ವಲ್ಪದರಲ್ಲಿ ತಪ್ಪಿತು.

“ಮತ್ತ... ಹಕ್ಕ ಮುರದಾವ್ರನ್ನ?” ಉತ್ತಮನ ದನಿ ಸಣ್ಣಗಾಗಿತ್ತು.

ಪರೀಕ್ಷೆ ಮಾಡುತ್ತಿದ್ದಾನೆ! “ಜೈಲಿಗೆ ಹಾಕಬೇಕ್ರಿ,” ಎಂದ ನಿಖಿಲ ತೊಡೆ ತಟ್ಟಿ. “ದಯಾ ದಾಕ್ಷಿಣ್ಯ ಏನೂ ತೋರಿಸಬಾರದು.”

ಉತ್ತಮ ಬ್ಯಾಗನ್ನು ಇನ್ನಷ್ಟು ಬಿಗಿಯಾಗಿ ಅವಚಿಕೊಂಡ. ಗೆದ್ದೆ ಎಂದುಕೊಂಡ ನಿಖಿಲ.

“ಮಾತ ಸಾಕು,” ಎಂದಳು ಅಜ್ಜಿ. “ಹೊತ್ತು ಮುಳಗಾಕ ಬಂತು. ಎರಡು ತುತ್ತು ಉಂಡ ಹೋಗಪಾ.”

ಬ್ಯಾಗು ತೊಡೆಯಿಂದ ಇಳಿಯಲಿಲ್ಲ. ಉತ್ತಮ ರೊಟ್ಟಿ, ಜುಣಕವನ್ನು ಗಬಗಬ ತಿಂದು, ಹೊರಗಿನ ಬೆಳಕನ್ನು ನೋಡುತ್ತಲೇ ನೀರು ಕುಡಿದು ಎದ್ದ. “ಬರ್ತೀನ್ರಿ. ರಾಯಬಾಗದ ಬಸ್ಸು ತಪ್ಪತೈತಿ.” ಒಂದೇ ಉಸಿರಿಗೆ ಹೊಸ್ತಿಲವರೆಗೆ ಹೋದವನು, ಏನು ನೆನಪಾಯಿತೋ, ತಿರುಗಿ ಬಂದು ಅಜ್ಜಿಯ ಕಾಲಿಗೆರಗಿದ.

ಪೂರ್ತಿ ಹಾಕದ ಜಿಪ್ಪು ಬಿಚ್ಚಿಕೊಂಡಿತು. ಒಳಗಿದ್ದ ಪುಟ್ಟ ಬೋರ್ಡೊಂದು ಜಾರಿ ಅಜ್ಜಿಯ ಮಡಿಲಿಗೆ ಬಿತ್ತು. ಅದಕ್ಕೆ ವೈರಿರಲಿಲ್ಲ, ಬ್ಯಾಟರಿಯೂ ಇರಲಿಲ್ಲ. ಬಿಳಿಯ ಮೇಲೆ ಕಪ್ಪು ಅಕ್ಷರಗಳು ಮಾತ್ರ ಸ್ಪಷ್ಟವಾಗಿದ್ದವು: ‘ರಾಯಬಾಗ. ಇಂದು ಸೂರ್ಯಾಸ್ತ 6-12.’

ನಿಖಿಲ ಬಾಯಿ ತೆರೆಯುವಷ್ಟರಲ್ಲಿ ಉತ್ತಮ ಅವನ ಎರಡೂ ಕೈ ಹಿಡಿದುಕೊಂಡಿದ್ದ. “ತಪ್ಪಾತ್ರೀ ಸರ. ಪೇಟೆಂಟ್ ನಿಮ್ಮದಽ ಅಂತ ನಮ್ಮೂರಾಗ ಎಲ್ಲಾರೂ ಹೇಳ್ತಾರ, ಪರವಾನಗಿ ಕೇಳೂಣು ಅಂತ ಬಂದಿದ್ದೆ... ಜೈಲಿಗೆ ಮಾತ್ರ ಹಾಕಿಸಬ್ಯಾಡ್ರಿ!”